ಕ್ಯಾಟಲಿನಾ 22ಕ್ಕೆ ಯಾವ ಅಳತೆಯ ಮುಂಹಾಯಿ: ಶೇಕಡಾ 110, 135 ಅಥವಾ 150?

ಪಡುಗಾಳಿ (ಪ್ರಶ್ನೆ):
ದೋಣಿ ಕ್ಯಾಟಲಿನಾ 22 (ಸುಮಾರು 22 ಅಡಿಯ ಹಾಯಿದೋಣಿ), ನಿಲ್ಲಿಸುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬರ್ಕ್‌ಲಿಯಲ್ಲಿ, ಫರ್ಲರ್ (ಮುಂಹಾಯಿಯನ್ನು ಸುತ್ತಿ ಚಿಕ್ಕದು ಮಾಡುವ ಸಾಧನ) ಇದೆ. ಈಗಿರುವ 150ರ ಜೆನೋವಾ (ದೊಡ್ಡ ಮುಂಹಾಯಿ) ಹಳೆಯದಾಗಿ ಹೊಟ್ಟೆ ಬಿಟ್ಟಿದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅದನ್ನು ಎಷ್ಟು ಸುತ್ತಿದರೂ ದೋಣಿ ವಿಪರೀತ ವಾಲುತ್ತದೆ, ಟಿಲ್ಲರ್ (ಚುಕ್ಕಾಣಿಯ ಹಿಡಿ) ಹಿಡಿದು ಕೈ ಸೋಲುತ್ತದೆ. ಮತ್ತೆ 150ನ್ನೇ ಹೊಲಿಸಿ ಸುತ್ತಿಕೊಂಡು ಬಳಸಲೇ, ಚಿಕ್ಕದಕ್ಕೆ ಹೋಗಲೇ?

ಕೂವೆಮರ:
ಈ ಕೊಲ್ಲಿಗೆ 110, ಯೋಚನೆಯೇ ಬೇಡ. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದಂತೆಲ್ಲ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಮೂಲಕ ನುಗ್ಗುತ್ತದೆ. ಮಧ್ಯಾಹ್ನ 20–25 ನಾಟ್ (ಗಂಟೆಗೆ ಸುಮಾರು 37–46 ಕಿ.ಮೀ.) ಇಲ್ಲಿ ಮಾಮೂಲು, ಬರ್ಕ್‌ಲಿ ಇರುವುದೂ ಅದರ ನೇರದಲ್ಲೇ. ಗಾಳಿಯ ವೇಗ 10ರಿಂದ 20 ನಾಟ್‌ಗೆ ಏರಿದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಶೇಕಡಾ ಲೆಕ್ಕ ಹಾಯಿಯ ಕೆಳ ಅಂಚಿನ ಉದ್ದದ್ದಲ್ಲ. ಹಿಂಮೂಲೆಯಿಂದ ಮುಂದಿನ ಅಂಚಿಗೆ ಲಂಬವಾಗಿ ಅಳೆದ ದೂರವನ್ನು, ಫೋರ್‌ಸ್ಟೇ (ದೋಣಿಯ ಮೂತಿಯಿಂದ ಕೂವೆಗೆ ಬಿಗಿದ ತಂತಿ) ಬುಡದಿಂದ ಕೂವೆಯ (ಹಾಯಿ ಕಟ್ಟುವ ಕಂಬ) ಮುಂಭಾಗದವರೆಗಿನ ದೂರದಿಂದ ಭಾಗಿಸಬೇಕು. ನಿಮ್ಮ ದೋಣಿಯಲ್ಲಿ ಈ ಎರಡನೆಯದು ಸುಮಾರು 8 ಅಡಿ. ಹಾಗಾಗಿ 110 ಅಂದರೆ 8.8 ಅಡಿ, 135 ಅಂದರೆ 10.8, 150 ಅಂದರೆ 12. ಮುಂದಿನ ಅಂಚು 25 ಅಡಿ ಎಂದು ಹಿಡಿದರೆ 150ಕ್ಕೆ 150 ಚದರ ಅಡಿ, 110ಕ್ಕೆ ಬರೀ 110.

ಅಲೆಮಾರ್ಗ:
ಒಂದೇ ಹಾಯಿಯಲ್ಲಿ ವರ್ಷವೆಲ್ಲ ಕಳೆಯುವುದಾದರೆ 135 ತೆಗೆದುಕೊಳ್ಳಬಹುದಲ್ಲವೇ? ಚಳಿಗಾಲದಲ್ಲಿ 5–8 ನಾಟ್ ಇರುವ ದಿನಗಳೇ ಹೆಚ್ಚು, ಆಗ 110 ಹಾಕಿದರೆ ದೋಣಿ ಕದಲುವುದಿಲ್ಲ. ಗಾಳಿ ಎದ್ದಾಗ ಸುತ್ತಿಕೊಂಡರಾಯಿತು.

ಕೂವೆಮರ:
135ನ್ನು 110ರವರೆಗೆ ಸುತ್ತಬಹುದು, ಆದರೆ ಮುಂದಿನ ಅಂಚಿನೊಳಗೆ ಫೋಮ್ ಪಟ್ಟಿ ಹೊಲಿಸಿರಲೇಬೇಕು. ಅದಿಲ್ಲದೆ ಸುತ್ತಿದರೆ ಮೇಲೂ ಕೆಳಗೂ ಬಟ್ಟೆ ಬಿಗಿಯುತ್ತದೆ, ನಡುವೆ ಮಾತ್ರ ಚೀಲದಂತೆ ಉಬ್ಬಿಕೊಂಡೇ ಇರುತ್ತದೆ. ಆ ಉಬ್ಬು ಹಿಂದಕ್ಕೆ ಸರಿದು ದೋಣಿಯನ್ನು ಮುಂದಕ್ಕೆ ಎಳೆಯುವ ಬದಲು ಪಕ್ಕಕ್ಕೆ ತಳ್ಳುತ್ತದೆ. ಪಡುಗಾಳಿಯವರ ತೊಂದರೆಯ ಮೂಲ ಇದೇ. ಪಟ್ಟಿ ಇದ್ದರೂ ಶೇಕಡಾ 30ಕ್ಕಿಂತ ಹೆಚ್ಚು ಸುತ್ತಿದರೆ ಗಾಳಿಗೆ ಎದುರಾಗಿ ಏರುವುದನ್ನು ಮರೆತುಬಿಡಿ. ಬೇಸಿಗೆಯಲ್ಲೇ ಹೆಚ್ಚು ಹೋಗುವವರಿಗೆ ನನ್ನ ಮತ 110ಕ್ಕೇ. ಹಳೆಯ 150ನ್ನು ಎಸೆಯಬೇಡಿ, ಚಳಿಗಾಲಕ್ಕೆ ಏರಿಸಿಕೊಳ್ಳಿ.

ಲಂಗರು:
ಹಾಯಿ ಬದಲಾದರೆ ಶೀಟ್ (ಹಾಯಿಯನ್ನು ಎಳೆದು ಹಿಡಿಯುವ ಹಗ್ಗ) ಹಾದುಹೋಗುವ ಕಾರಿನ (ಹಳಿಯ ಮೇಲೆ ಜಾರುವ ರಾಟೆ) ಜಾಗವೂ ಬದಲಾಗಬೇಕು. ಇದನ್ನು ಬಿಟ್ಟುಬಿಟ್ಟು ಹಾಯಿಯನ್ನೇ ಬೈಯುವವರು ಬಹಳ. ಚಿಕ್ಕ ಹಾಯಿಯ ಹಿಂಮೂಲೆ ಮುಂದಿರುತ್ತದೆ, ಕಾರನ್ನೂ ಮುಂದೆ ತನ್ನಿ. 150ನ್ನು ಸುತ್ತಿದಾಗಲೂ ಅಷ್ಟೇ. ಆಮೇಲೆ ದೋಣಿಯನ್ನು ನಿಧಾನವಾಗಿ ಗಾಳಿಯತ್ತ ತಿರುಗಿಸುತ್ತ, ಹಾಯಿಗೆ ಅಂಟಿಸಿದ ನೂಲಿನ ಎಳೆಗಳಲ್ಲಿ ಗಾಳಿ ಬರುವ ಬದಿಯವನ್ನು ನೋಡಿ. ಮೇಲಿನ ಎಳೆ ಮೊದಲು ಕುಣಿದರೆ ಕಾರು ಇನ್ನೂ ಮುಂದೆ ಬರಬೇಕು, ಕೆಳಗಿನದು ಕುಣಿದರೆ ಹಿಂದೆ ಹೋಗಬೇಕು. ಮುಂದಿನ ಅಂಚಿನಲ್ಲಿ ಅಡ್ಡ ಸುಕ್ಕು ಕಂಡರೆ ಹಾಲ್‌ಯಾರ್ಡ್ (ಹಾಯಿ ಏರಿಸುವ ಹಗ್ಗ) ಸಡಿಲವಾಗಿದೆ ಅಂತ, ಬಿಗಿ ಮಾಡಿ.

ಇನ್ನು ಕೈಸೋಲು. 20 ನಾಟ್‌ನಲ್ಲಿ 110ರ ಜೊತೆ ಮೇನ್ ಹಾಯಿಗೆ (ಕೂವೆಯ ಹಿಂದಿನ ಮುಖ್ಯ ಹಾಯಿ) ಮೊದಲ ರೀಫ್ ಹಾಕಲೇಬೇಕು, ಅಂದರೆ ಅದನ್ನು ಒಂದು ಹಂತ ಇಳಿಸಿ ಕಟ್ಟಿ ಚಿಕ್ಕದು ಮಾಡಬೇಕು. ಮೇನ್ ಪೂರ್ತಿ ಏರಿಸಿಯೇ ಇಟ್ಟರೆ ಮುಂಹಾಯಿ ಎಷ್ಟೇ ಚಿಕ್ಕದಿದ್ದರೂ ದೋಣಿಯ ಮೂತಿ ಗಾಳಿಯತ್ತಲೇ ತಿರುಗುತ್ತದೆ. ವಾಲುವಿಕೆ 20 ಡಿಗ್ರಿ ದಾಟುವ ಮುನ್ನವೇ ರೀಫ್ ಹಾಕಿ.

ಪಡುಗಾಳಿ:
ಸರಿ, ಫೋಮ್ ಪಟ್ಟಿಯ ಸಮೇತ 110ಕ್ಕೆ ಹೇಳುತ್ತೇನೆ. ಅಳತೆ ಹಳೆಯ ಹಾಯಿಯಿಂದ ತೆಗೆಯಲೇ?

ಕೂವೆಮರ:
ಬೇಡ, ಅದು ಹಿಗ್ಗಿರುತ್ತದೆ. ಹಾಲ್‌ಯಾರ್ಡ್ ತುದಿಗೆ ಟೇಪ್ ಕಟ್ಟಿ ಫರ್ಲರ್‌ನ ಮೇಲಿನ ಸ್ವಿವೆಲ್ (ತಿರುಗುವ ಕೊಂಡಿ) ಜೊತೆ ಏರಿಸಿ, ಕೆಳಗೆ ಸುತ್ತುವ ಡ್ರಮ್‌ನ ಶ್ಯಾಕಲ್‌ವರೆಗೆ (ಹಾಯಿ ಸಿಕ್ಕಿಸುವ ಕೊಂಡಿ) ಅಳೆಯಿರಿ.