ಪದಚರ್ಚೆ: ಬ್ಲೇಡಿನ ‘ಗಡಸು’, ಓಟದ ‘ಕುಕ್ಕು’ – ಎರಡಕ್ಕೂ ಒಂದೇ ಪದ ಸಾಕೆ?

ಮಾನ್ಯರೇ,

ಸರಕು ಸಾಗಿಸುವ ಪಿಕಪ್ ಗಾಡಿಗಳ ಚಾಲಕರಿಗಾಗಿ ಸಿದ್ಧವಾಗುತ್ತಿರುವ ಕಿರುಕೈಪಿಡಿಯೊಂದರ ಕನ್ನಡ ಪಠ್ಯದ ಹೊಣೆ ನನ್ನ ಪಾಲಿಗೆ ಬಂದಿದೆ. ಹಿಂದಿನ ಸಸ್ಪೆನ್ಷನ್ನಿಗೆ (ಚಕ್ರಕ್ಕೂ ಗಾಡಿಗೂ ನಡುವಿನ ಸ್ಪ್ರಿಂಗಿನ ಏರ್ಪಾಟಿಗೆ) ಹೆಚ್ಚುವರಿ ಬ್ಲೇಡು, ಅಂದರೆ ಒಂದರ ಮೇಲೊಂದು ಪೇರಿಸಿ ಸ್ಪ್ರಿಂಗಿನ ಸೆಟ್ಟಾಗಿ ಕಟ್ಟುವ ಉಕ್ಕಿನ ಪಟ್ಟಿ, ಸೇರಿಸಿದ ಮೇಲೆ, ಅಥವಾ ದಪ್ಪ ಬ್ಲೇಡಿನ ಸೆಟ್ಟನ್ನೇ ಕೂರಿಸಿದ ಮೇಲೆ, ಖಾಲಿ ಗಾಡಿಯಲ್ಲಿ ಕೂರಲಾಗದಂತಾದರೆ ಏನು ಮಾಡಬೇಕೆಂದು ಅದರ ಒಂದು ಅಧ್ಯಾಯ ಹೇಳುತ್ತದೆ. ಇಂಗ್ಲಿಷ್ ಮೂಲದಲ್ಲಿ ಈ ಅಧ್ಯಾಯವೆಲ್ಲ ‘ಹಾರ್ಡ್’ ಮತ್ತು ‘ಸಾಫ್ಟ್’ ಎಂಬ ಎರಡು ಪದಗಳ ಮೇಲೆಯೇ ನಡೆಯುತ್ತದೆ. ಮೊದಲ ಕರಡಿನಲ್ಲಿ ನಾನು ಹೆಚ್ಚು ಯೋಚಿಸದೆ ‘ಗಡಸು’, ‘ಮೆದು’ ಎಂದು ಬರೆದೆ. ಅದರಿಂದಾದ ಪಜೀತಿಯೇ ಈ ಪತ್ರಕ್ಕೆ ಕಾರಣ.

ನಮ್ಮ ಭಾವನವರು ಕೋಲಾರದ ಟೊಮೆಟೊ ಮಾರುಕಟ್ಟೆಗೆ ಪಿಕಪ್ ಓಡಿಸುತ್ತಾರೆ. 15 ಕೆ.ಜಿ.ಯ ಬಾಕ್ಸುಗಳನ್ನು ನೂರು ಏರಿಸಿದರೆ 1500 ಕೆ.ಜಿ. ಆಯಿತು. ಹಿಂಬದಿ ಕೂತುಬಿಡುತ್ತದೆಂದು ಅವರು ಬೇರೆ ಸೆಟ್ಟು ಹಾಕಿಸಿದರು. ಅಂದಿನಿಂದ ಮಂಡಿಗೆ ಹೋಗುವಾಗ ಗಾಡಿ ತೊಟ್ಟಿಲಿನಂತೆ ಹೋಗುತ್ತದೆ. ಬರುವಾಗ ರಸ್ತೆಯ ಒಂದೊಂದು ಉಬ್ಬಿಗೂ ಹಿಂದಿನ ಖಾಲಿ ಬಾಕ್ಸುಗಳು ನೆಲ ಬಿಟ್ಟೆದ್ದು ಪಟಪಟನೆ ಬಡಿದುಕೊಳ್ಳುತ್ತವೆ, ಚಾಲಕನ ಸೊಂಟ ಹಿಡಿದುಕೊಳ್ಳುತ್ತದೆ. ಕರಡಿನ ಪುಟ ಹಿಡಿದು ಅವರೊಂದಿಗೆ ಬ್ಲೇಡು ಕಟ್ಟುವ ಶೆಡ್ಡಿಗೆ ಹೋಗಿ, “ಸ್ಪ್ರಿಂಗು ಗಡಸಾಗಿದ್ದರೆ ಅದನ್ನು ಮೆದುಗೊಳಿಸುವ ಉಪಾಯಗಳು” ಎಂಬ ಶೀರ್ಷಿಕೆಯನ್ನು ಅಲ್ಲಿನ ಹಿರಿಯ ಮೇಸ್ತ್ರಿಗಳಿಗೆ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು, “ಮೆತ್ತಗೆ ಮಾಡ್ಬೇಕಂದ್ರೆ ಬೆಂಕಿಗೆ ಹಾಕ್ಬೇಕು ಸಾರ್. ಹಾಕಿದ್ರೆ ಬ್ಲೇಡು ಸತ್ತೋಗುತ್ತೆ. ಇದನ್ಯಾರು ಬರ್ದಿದ್ದು?” ಎಂದರು. ಭಾವನವರು ನನ್ನ ಕಡೆ ನೋಡಲಿಲ್ಲ, ಅಷ್ಟು ದಯೆ ತೋರಿದರು.

ಮೇಸ್ತ್ರಿಗಳ ಮಾತು ಸರಿ. ಕಬ್ಬಿಣದ ಕೆಲಸದವರಿಗೆ ‘ಗಡಸು’ ಎಂಬುದು ಲೋಹಕ್ಕೆ ಕೊಟ್ಟ ಹದದ ಹೆಸರು. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದರೆ ಬ್ಲೇಡಿಗೆ ಬಗ್ಗಿದರೂ ಮರಳಿ ಏಳುವ ಕಸುವು ಬರುತ್ತದೆ. ಆ ಹದ ತೆಗೆದರೆ ಬಗ್ಗಿದ್ದು ಬಗ್ಗಿದಂತೆಯೇ ಉಳಿಯುತ್ತದೆ. ಪಠ್ಯಪುಸ್ತಕದಲ್ಲಿಯೂ ‘ಗಡಸುತನ’ ಎಂದರೆ ಗೀರಿಗೂ ತಗ್ಗಿಗೂ ಎದುರು ನಿಲ್ಲುವ ಲೋಹದ ಗುಣ. ನನಗೆ ಬೇಕಾಗಿದ್ದುದು ಅದಲ್ಲ. ಒಂದು ಸೆಂ.ಮೀ. ಬಗ್ಗಿಸಲು ಎಷ್ಟು ಹೊರೆ ಬೇಕು ಎಂಬ ಅಳತೆಗೆ ನನಗೊಂದು ಹೆಸರು ಬೇಕು. ಇವೆರಡೂ ಬೇರೆ ಬೇರೆ ಎಂಬುದಕ್ಕೆ ಒಂದೇ ಮಾತು ಸಾಕು: ಹದ ಕೊಟ್ಟ ಉಕ್ಕಿಗೂ ಹದ ತೆಗೆದ ಉಕ್ಕಿಗೂ, ಎರಡೂ ಮರಳಿ ಏಳುವ ಮಿತಿಯೊಳಗೆ ಇರುವಷ್ಟು ಕಾಲ, ಬಗ್ಗಿಸಲು ಬೇಕಾಗುವ ಹೊರೆ ಹೆಚ್ಚುಕಡಿಮೆ ಒಂದೇ. ಆ ಹೊರೆಯನ್ನು ಗೊತ್ತುಮಾಡುವುದು ಬ್ಲೇಡಿನ ಉದ್ದ, ಅಗಲ, ದಪ್ಪ ಮತ್ತು ಸೆಟ್ಟಿನಲ್ಲಿರುವ ಬ್ಲೇಡುಗಳ ಎಣಿಕೆ. ಅದರಲ್ಲಿಯೂ ದಪ್ಪದ ಪ್ರಭಾವ ಘನದ ಲೆಕ್ಕದಲ್ಲಿ ಏರುತ್ತದೆ, 8 ಮಿ.ಮೀ. ದಪ್ಪದ ಬ್ಲೇಡುಗಳ ಜಾಗದಲ್ಲಿ ಅಷ್ಟೇ ಉದ್ದಗಲದ 10 ಮಿ.ಮೀ. ಬ್ಲೇಡುಗಳನ್ನು ಹಾಕಿದರೆ ಸೆಟ್ಟು ಹತ್ತಿರಹತ್ತಿರ ಇಮ್ಮಡಿ ಹೊರೆ ಕೇಳುತ್ತದೆ. ಆರು ಬ್ಲೇಡಿನ ಸೆಟ್ಟಿಗೆ ಅದೇ ದಪ್ಪದ ಏಳನೆಯದನ್ನು ಸೇರಿಸಿದರೆ ಏರುವುದು ಸುಮಾರು ಆರರಲ್ಲಿ ಒಂದು ಪಾಲು ಮಾತ್ರ. ಖಾಲಿ ಓಡುವುದೇ ಹೆಚ್ಚಿರುವವರು ದಪ್ಪ ಸೆಟ್ಟಿನ ಆಸೆ ಬಿಡಬೇಕೆಂದು ನಾನು ಧೈರ್ಯವಾಗಿ ಬರೆಯಬಲ್ಲೆ. ಆದರೆ ಏರಿದ್ದೇನು ಎಂದು ಹೇಳಲು ಪದವಿಲ್ಲ.

‘ಬಿಗಿ’ ಎನ್ನೋಣವೆಂದರೆ ಅದೇ ಪುಟದಲ್ಲಿ ಯು ಬೋಲ್ಟನ್ನು ಬಿಗಿ ಮಾಡಿ ಎಂಬ ಸೂಚನೆ ನಾಲ್ಕು ಕಡೆ ಬರುತ್ತದೆ. ‘ಬಿರುಸು’ ಕೂದಲಿಗೂ ಹೊಸ ಬಟ್ಟೆಗೂ ಒಪ್ಪುತ್ತದೆ, ಆದರೆ ಗಾಡಿಯ ವಿಷಯದಲ್ಲಿ ‘ಬಿರುಸಿನ ಓಟ’ ಎಂದೊಡನೆ ಓದುಗರು ವೇಗವೆಂದೇ ತಿಳಿಯುತ್ತಾರೆ. ‘ಸೆಟೆತ’ ಚೆನ್ನಾಗಿದೆಯಾದರೂ ಅದರಲ್ಲಿ ಕಾಯಿಲೆಯ ವಾಸನೆಯಿದೆ. ಸದ್ಯಕ್ಕೆ ನನ್ನ ಮನಸ್ಸು ‘ಪೆಡಸು’ ಎಂಬುದರ ಮೇಲೆ ನಿಂತಿದೆ. ರೊಟ್ಟಿ ಪೆಡಸಾಗಿದೆ ಎಂದಾಗ ಅದು ಮಡಿಸಲು ಬಗ್ಗುತ್ತಿಲ್ಲವೆಂದೇ ಅರ್ಥವಲ್ಲವೆ? ನನಗೆ ಬೇಕಾದ ಅರ್ಥ ಅದರಲ್ಲಿದೆ. ತೊಡಕೆಂದರೆ, ಪೆಡಸಾದ ರೊಟ್ಟಿಯನ್ನು ಬಲವಂತವಾಗಿ ಮಡಿಸಿದರೆ ಮುರಿಯುತ್ತದೆ, ಮತ್ತು ಆ ಮುರಿಯುವ ಅರ್ಥವೂ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಒಳ್ಳೆಯ ಬ್ಲೇಡು ಬಗ್ಗಲು ಒಪ್ಪದಿರಬಹುದು, ಆದರೆ ಮುರಿಯಬಾರದು. ‘ಪೆಡಸು ಸೆಟ್ಟು’ ಎಂದು ಓದಿದ ಚಾಲಕರು ಅದನ್ನು ಮುರಿಯುವ ಮಾಲು ಎಂದು ತಿಳಿಯುವರೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಇದಕ್ಕಿಂತ ದೊಡ್ಡದು. ಸ್ಪ್ರಿಂಗು ಪೆಡಸಾಗಿರುವುದು ಬೇರೆ, ಕೂತವನಿಗೆ ಓಟ ಕೆಟ್ಟದಾಗಿ ತಾಕುವುದು ಬೇರೆ. ಇಂಗ್ಲಿಷಿನ ಆ ಒಂದು ಪದ ಎರಡನ್ನೂ ಮುಚ್ಚಿಬಿಡುತ್ತದೆ. ನಮ್ಮ ಚಾಲಕರು ಮಾತ್ರ ತಾಕುವ ಬಗೆಗೊಂದು ಕ್ರಿಯಾಪದ ಇಟ್ಟುಕೊಂಡಿದ್ದಾರೆ. ಭಾವನವರನ್ನೂ ಅವರ ಜೊತೆಯವರನ್ನೂ ಮಂಡಿಯ ಚಹಾದಂಗಡಿಯ ಮುಂದೆ ಒಂದು ಗಂಟೆ ಮಾತಿಗೆಳೆದಾಗ ಗಾಡಿ ‘ಕುಕ್ಕುತ್ತೆ’, ‘ಎತ್ತಿ ಹಾಕುತ್ತೆ’, ‘ಕುಲುಕುತ್ತೆ’, ‘ಓಲಾಡುತ್ತೆ’ ಎಂಬ ನಾಲ್ಕು ಮಾತುಗಳು ಮತ್ತೆ ಮತ್ತೆ ಬಂದವು, ಮತ್ತು ಒಂದರ ಜಾಗದಲ್ಲಿ ಇನ್ನೊಂದನ್ನು ಯಾರೂ ಬಳಸಲಿಲ್ಲ.

ತಟ್ಟೆಯನ್ನು ಕುಕ್ಕುವಂತೆ, ಸಣ್ಣ ಗುಂಡಿಯ ಪೆಟ್ಟು ಕೂಡ ನೇರವಾಗಿ ಬೆನ್ನುಮೂಳೆಗೆ ಬಂದರೆ ಅದು ಕುಕ್ಕು. ಇದಕ್ಕೆ ಸ್ಪ್ರಿಂಗಿನ ಪೆಡಸುತನವೇ ಕಾರಣವೆಂದು ಎಲ್ಲರೂ ಹಾರುತ್ತಾರೆ, ಆದರೆ ಎಷ್ಟೋ ಸಲ ಬ್ಲೇಡುಗಳು ತುಕ್ಕು ಹಿಡಿದು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಆ ಹಿಡಿತವನ್ನು ಮೀರುವಷ್ಟು ಪೆಟ್ಟು ಬೀಳುವವರೆಗೆ ಇಡೀ ಸೆಟ್ಟು ಒಂದೇ ದಿಮ್ಮಿಯಂತೆ ವರ್ತಿಸಿ, ಸಣ್ಣ ಪೆಟ್ಟುಗಳನ್ನೆಲ್ಲ ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ದಾಟಿಸುತ್ತದೆ. ಸೆಟ್ಟು ಬಿಚ್ಚಿ, ತಂತಿಬ್ರಷ್ಷಿನಿಂದ ಉಜ್ಜಿ, ಗ್ರಾಫೈಟ್ ಗ್ರೀಸು ಸವರಿ, ತುದಿಗಳಲ್ಲಿ ನೈಲಾನ್ ಪ್ಯಾಡು ಇಟ್ಟು ಕಟ್ಟಿದರೆ ಬ್ಲೇಡು ಒಂದೂ ಕಡಿಮೆಯಾಗದೆ ಕುಕ್ಕು ತಗ್ಗುತ್ತದೆ. ಹೊರೆಗೆಂದು ತುಂಬಿಸಿದ ಗಾಳಿಯಲ್ಲೇ ಖಾಲಿ ಗಾಡಿ ಓಡಿಸಿದರೂ ಕುಕ್ಕುತ್ತದೆ, ಏಕೆಂದರೆ ಟೈರೂ ಒಂದು ಸ್ಪ್ರಿಂಗೇ. ಬಾಗಿಲಿನ ಪಟ್ಟಿಯಲ್ಲಿ ಖಾಲಿಗೆ ಬೇರೆ ಒತ್ತಡ ಬರೆದಿದ್ದರೆ ಅಷ್ಟಕ್ಕೆ ಇಳಿಸಬೇಕು. ಇನ್ನೊಂದು ಕಾರಣ ಶೆಡ್ಡಿನಲ್ಲಿಯೇ ಹುಟ್ಟುತ್ತದೆ. ಚಾಸಿಯನ್ನು ಜಾಕಿಯ ಮೇಲೆತ್ತಿ ಸೆಟ್ಟು ಜೋತುಬಿದ್ದಿರುವಾಗಲೇ ಬುಷ್ಷಿನ (ಸೆಟ್ಟಿನ ತುದಿಯಲ್ಲಿರುವ ರಬ್ಬರು ಬಳೆಯ) ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಆಮೇಲೆ ಪ್ರತಿ ಅಲುಗಾಟಕ್ಕೂ ಅದು ಅಡ್ಡ ನಿಲ್ಲುತ್ತದೆ. ಚಕ್ರ ನೆಲಕ್ಕೂರಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಮೇಸ್ತ್ರಿಗಳು ಇದನ್ನು “ಗಾಡಿ ಕೂತ ಮೇಲೆ ಟೈಟ್ ಮಾಡೋದು” ಎಂದರು. ಕರಡಿನಲ್ಲಿ ನಾನು ಬರೆದಿದ್ದ ಎರಡೂವರೆ ಸಾಲನ್ನು ಹೊಡೆದು ಅದನ್ನೇ ಇಟ್ಟಿದ್ದೇನೆ.

ಎತ್ತಿ ಹಾಕುವುದು ಬೇರೆ ದೋಷ. ಅದುಮಿದ ಸ್ಪ್ರಿಂಗು ಒಮ್ಮೆಲೇ ಬಿಚ್ಚಿಕೊಂಡು ಹಿಂಬದಿಯನ್ನು ಮೇಲಕ್ಕೆ ಎಸೆಯುತ್ತದೆ. ಸೆಟ್ಟು ಮಾತ್ರ ಬದಲಿಸಿ ಹಳೆಯ ಶಾಕ್‌ಅಬ್ಸಾರ್ಬರುಗಳನ್ನೇ ಉಳಿಸಿಕೊಂಡವರಿಗೆ ಇದು ಹೆಚ್ಚು, ಏಕೆಂದರೆ ಪೆಡಸು ಸ್ಪ್ರಿಂಗಿನ ನೆಗೆತವನ್ನು ಹಿಡಿದು ನಿಲ್ಲಿಸುವಷ್ಟು ಕಸುವು ಅವಕ್ಕಿರುವುದಿಲ್ಲ. ಇಲ್ಲಿಯೂ ಒಂದು ಅನುವಾದ ನನ್ನನ್ನು ಕಾಡುತ್ತಿದೆ. ‘ಆಘಾತ ಹೀರುಕ’ ಎಂಬ ಪದ ಆ ಕೊಳವೆ ಪೆಟ್ಟನ್ನು ಕುಡಿದುಬಿಡುತ್ತದೆ ಎಂಬ ಚಿತ್ರ ಕೊಡುತ್ತದೆ. ಪೆಟ್ಟನ್ನು ಮೊದಲು ತೆಗೆದುಕೊಳ್ಳುವುದು ಸ್ಪ್ರಿಂಗು ಮತ್ತು ಟೈರು; ಕೊಳವೆಯೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುತ್ತ ಆಮೇಲಿನ ಕುಣಿತವನ್ನು ಅಡಗಿಸುತ್ತದೆ. ಭೌತವಿಜ್ಞಾನದ ‘ಅವಮಂದನ’ ಅರ್ಥದಲ್ಲಿ ಸರಿಯಿದ್ದರೂ ಶೆಡ್ಡಿನ ಬಾಗಿಲು ದಾಟುವುದಿಲ್ಲ. ‘ತಣಿಸು’ ಎನ್ನಬಹುದಿತ್ತು, ಆದರೆ ಕಾದ ಬ್ಲೇಡನ್ನು ಎಣ್ಣೆಗೆ ಅದ್ದುವುದಕ್ಕೂ ಅದೇ ಮಾತು. ಒಮ್ಮೆ ಸುಟ್ಟುಕೊಂಡ ಕೈ, ಮತ್ತೆ ಅಲ್ಲಿಗೆ ಹೋಗಲಾರೆ. ‘ಕುಣಿತ ಅಡಗಿಸುವುದು’ ಎಂದೇ ಬಿಡಿಸಿ ಬರೆದಿದ್ದೇನೆ.

ಕುಲುಕುವುದು ನಿಲ್ಲದೆ ನಡೆಯುವ ಅಲುಗಾಟ, ಓಲಾಡುವುದು ಪಕ್ಕದಿಂದ ಪಕ್ಕಕ್ಕೆ. ಇವೆರಡರಲ್ಲಿ ನನಗೆ ಗೊಂದಲವಿಲ್ಲ. ಆದರೆ ಖಾಲಿ ಗಾಡಿಯೇ ಏಕೆ ಹೆಚ್ಚು ಕುಣಿಯುತ್ತದೆ ಎಂದು ವಿವರಿಸುವಾಗ ಅಳತೆಯ ಮಾತು ಬೇಕಾಗುತ್ತದೆ. ನಿಂತ ಗಾಡಿಯ ಭಾರಕ್ಕೆ ಸ್ಪ್ರಿಂಗು 25 ಸೆಂ.ಮೀ. ತಗ್ಗಿದ್ದರೆ ಅದು ಸೆಕೆಂಡಿಗೆ ಸುಮಾರು ಒಂದು ಬಾರಿ ಮೇಲೆಕೆಳಗೆ ಆಡುತ್ತದೆ, ಮೈಗೆ ಅದು ಹಿತ. ಅದೇ ಸ್ಪ್ರಿಂಗಿನ ಮೇಲಿನ ಭಾರ ಕಾಲುಭಾಗಕ್ಕಿಳಿದು ತಗ್ಗು 6 ಸೆಂ.ಮೀ. ಆದರೆ ಆಟ ಎರಡು ಬಾರಿಯಾಗುತ್ತದೆ. ಈ ‘ನಿಂತ ತಗ್ಗು’ ಎಂಬ ಪ್ರಯೋಗ ನನ್ನದೇ. ‘ಸ್ಥಿರ ವಿಚಲನೆ’ಗಿಂತ ಇದು ವಾಸಿಯೆಂದು ನನಗನ್ನಿಸಿದೆ, ಒಪ್ಪದವರು ತಿದ್ದಬೇಕು.

ಇನ್ನು ‘ಅಪ್‌ಗ್ರೇಡ್’ ಎಂಬುದರ ಕತೆ. ಕರಡು ನೋಡಿದ ಒಬ್ಬರು ‘ಮೇಲ್ದರ್ಜೆಗೇರಿಸಿದ ಸಸ್ಪೆನ್ಷನ್’ ಎಂದು ಸೂಚಿಸಿದರು. ಮೇಲ್ದರ್ಜೆಗೆ ಏರುವುದು ಊರಿನ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಬ್ಲೇಡಲ್ಲ. ನಗೆಪಾಟಲಿನ ಮಾತು ಹಾಗಿರಲಿ, ಆ ಪದದಿಂದ ಗಾಡಿಯ ಹೊರುವ ಹಕ್ಕೇ ಏರಿತೆಂಬ ಭಾವನೆ ಬರುತ್ತದೆ. ಎಷ್ಟು ಬ್ಲೇಡು ಸೇರಿಸಿದರೂ ನೋಂದಣಿ ಪತ್ರದಲ್ಲಿರುವ ತೂಕ ಏರುವುದಿಲ್ಲ, ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಡಿ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನೊಂದಕ್ಕೆ ಮತ್ತೆ 2,000. ಆದ್ದರಿಂದ ‘ಬಲಪಡಿಸಿದ’ ಎಂದು ಬರೆದಿದ್ದೇನೆ. ‘ರೈಡ್’ ಎಂಬುದಕ್ಕೆ ‘ಸವಾರಿ’ಯನ್ನು ಬಿಟ್ಟು ‘ಓಟ’ವನ್ನು ಆರಿಸಿಕೊಂಡಿದ್ದೇನೆ, ಸವಾರಿ ಏರಿದವನದು, ಓಟ ಗಾಡಿಯದು.

ಹೀಗಾಗಿ ಶೀರ್ಷಿಕೆ ಈಗ “ಬಲಪಡಿಸಿದ ಮೇಲೆ ಖಾಲಿ ಗಾಡಿಯ ಕುಕ್ಕು ತಗ್ಗಿಸುವುದು” ಎಂದಾಗಿದೆ. ಅದನ್ನು ಓದಿದಾಗ ಮೇಸ್ತ್ರಿಗಳು ಬೆಂಕಿಯ ಮಾತೆತ್ತದೆ, “ಮೊದ್ಲು ಗಾಳಿ ನೋಡಿ” ಎಂದರು.

ಉಳಿದಿರುವುದು ಬ್ಲೇಡಿನ ಹೆಸರು. ನಾನು ಕೋಲಾರದ ಕಡೆ ‘ಬ್ಲೇಡು’ ಎಂದೂ ಹುಬ್ಬಳ್ಳಿಯ ಕಡೆ ‘ಪಾಟಾ’ ಎಂದೂ ಕೇಳಿದ್ದೇನೆ, ಹಳಬರ ಬಾಯಲ್ಲಿ ‘ಕಮಾನು’ ಎಂಬುದೂ ಇದೆ. ಬಿಲ್ಲು ಎಂಬ ಅರ್ಥದ ಪಾರಸಿ ಪದದಿಂದ ಬಂದ ಈ ಕೊನೆಯದು ಬಗ್ಗಿ ಮರಳಿ ಏಳುವ ಗುಣವನ್ನು ಹೆಸರಿನಲ್ಲೇ ಹೊತ್ತಿರುವುದರಿಂದ ನನಗೆ ಅದರ ಮೇಲೆ ಮೋಹ, ಆದರೆ ಇಂದಿನ ಚಾಲಕರಿಗೆ ಕಮಾನು ಎಂದರೆ ಊರಬಾಗಿಲ ಸ್ವಾಗತ ಕಮಾನೇ ಕಣ್ಣಿಗೆ ಬರುವುದಾದರೆ ಬಿಟ್ಟುಬಿಡುತ್ತೇನೆ. ಕರಾವಳಿ ಮತ್ತು ಮಲೆನಾಡಿನ ಗ್ಯಾರೇಜುಗಳಲ್ಲಿ ಯಾವ ಹೆಸರು ನಡೆಯುತ್ತದೆ, ಬಗ್ಗಲೊಲ್ಲದ ಸೆಟ್ಟನ್ನು ಅಲ್ಲಿನವರು ‘ಹಾರ್ಡು’ ಎನ್ನದೆ ಬೇರೇನಾದರೂ ಕರೆಯುತ್ತಾರೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.