ತಮ್ಮನಿಗೆ ವಿಪರೀತ ಆತಂಕ: ಮಾತ್ರೆ ಶುರು ಮಾಡಬೇಕೇ, ಸ್ವಲ್ಪ ಕಾಯಬೇಕೇ?

ತುಂಗಾತೀರದ ಅಕ್ಕ:
ತಮ್ಮನಿಗೆ 17 ವರ್ಷ. ದ್ವಿತೀಯ ಪಿಯುಸಿ, ಸೈನ್ಸ್. ತರಗತಿಯಲ್ಲಿ ಎದ್ದು ಉತ್ತರ ಹೇಳಬೇಕೆಂದರೆ ಎದೆ ಡವಡವ, ಬೆರಳ ತುದಿ ಜುಮ್ಮೆನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಈಗೀಗ ಲ್ಯಾಬ್ ಇರುವ ದಿನ ಕಾಲೇಜಿಗೇ ಹೋಗುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಇಸಿಜಿ ಎಲ್ಲ ಸರಿಯಿದೆ. ಮನೋವೈದ್ಯರು ಆತಂಕಕ್ಕೆ ದಿನವೂ ತೆಗೆದುಕೊಳ್ಳುವ ಸರ್ಟ್ರಾಲಿನ್ 25 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟು, ಜೊತೆಗೆ ಸಿಬಿಟಿ ಥೆರಪಿಗೂ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಹೋಗಿ ಎಂದಿದ್ದಾರೆ. ಅಪ್ಪ "ಈ ವಯಸ್ಸಿಗೆ ಬೇಡ, ಒಮ್ಮೆ ಶುರುವಾದರೆ ಬಿಡೋಕಾಗಲ್ಲ" ಅನ್ನುತ್ತಾರೆ. ಚಿಕ್ಕಪ್ಪನೋ, ಪರೀಕ್ಷೆ ದಿನ ಒಂದು ಆಲ್‌ಪ್ರಜೋಲಾಮ್ (ತಕ್ಷಣ ಶಾಂತಗೊಳಿಸುವ ಮಾತ್ರೆ) ಕೊಟ್ಟರೆ ಸಾಕು ಅನ್ನುತ್ತಾರೆ. ಮಾತ್ರೆಯಿಲ್ಲದೆ ಆಗುತ್ತದೆಯೇ? ಶುರು ಮಾಡಿದರೆ ಏನೇನು ಗಮನಿಸಬೇಕು? ತಿಳಿದವರು ವಿವರವಾಗಿ ಹೇಳಿ.

ಮನೋವೈದ್ಯೆ, ಹುಬ್ಬಳ್ಳಿ:
ಮಾತ್ರೆ ಬೇಕೋ ಬೇಡವೋ ಎಂದು ನಿರ್ಧರಿಸುವಾಗ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆ ಎಂದಷ್ಟೇ ನೋಡುವುದಿಲ್ಲ. ಆತಂಕ ಹುಡುಗನಿಂದ ಏನೇನನ್ನು ಕಸಿದುಕೊಂಡಿದೆ ಎಂದು ನೋಡುತ್ತೇವೆ. ಹೆದರಿಕೆಯಲ್ಲೇ ಲ್ಯಾಬಿಗೆ ಹೋಗುತ್ತಿದ್ದಾನೆ, ಊಟ ನಿದ್ದೆ ಚೆನ್ನಾಗಿದೆ ಎಂದಾದರೆ ಸಿಬಿಟಿಯೊಂದನ್ನೇ ಒಂದು 12 ವಾರ ನೋಡಬಹುದು. ಕಾಲೇಜೇ ತಪ್ಪುತ್ತಿದ್ದರೆ, ಸಿಬಿಟಿಯ ಅಭ್ಯಾಸಕ್ಕೆ ಮನಸ್ಸು ಗಟ್ಟಿಮಾಡಲೂ ಆಗದಿದ್ದರೆ, ಎರಡನ್ನೂ ಸೇರಿಸುವುದೇ ಮೇಲು. ನಿಮ್ಮ ತಮ್ಮ ಈ ಎರಡನೇ ಗುಂಪಿನಲ್ಲಿದ್ದಾನೆ ಅನ್ನಿಸುತ್ತದೆ.

ಅಮೆರಿಕದಲ್ಲಿ 7ರಿಂದ 17 ವಯಸ್ಸಿನ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅದರಲ್ಲಿ 12 ವಾರಗಳ ನಂತರ ಚೆನ್ನಾಗಿ ಸುಧಾರಿಸಿದವರು: ಸರ್ಟ್ರಾಲಿನ್ ಮತ್ತು ಸಿಬಿಟಿ ಎರಡೂ ಪಡೆದವರಲ್ಲಿ ಸುಮಾರು ಶೇ. 81, ಸಿಬಿಟಿ ಮಾತ್ರ ಪಡೆದವರಲ್ಲಿ ಶೇ. 60, ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 55, ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ಪಡೆದವರಲ್ಲಿ ಶೇ. 24. ಅಂದರೆ ಮಾತ್ರೆಯಿಲ್ಲದೆ ಸುಧಾರಿಸುವ ಮಕ್ಕಳು ಖಂಡಿತ ಇದ್ದಾರೆ. ಆದರೆ ಮಾತ್ರೆ ನುಂಗಿಕೊಂಡು ಮನೆಯಲ್ಲೇ ಕೂತರೆ ಅರ್ಧ ಚಿಕಿತ್ಸೆಯಷ್ಟೇ ಆಯಿತು.

ಅಪ್ಪನ ಭಯಕ್ಕೆ ಬಹುಶಃ ಕಾರಣ, ಎರಡು ಬೇರೆ ಜಾತಿಯ ಮಾತ್ರೆಗಳನ್ನು ಒಂದೇ ಎಂದುಕೊಂಡಿರುವುದು. ಚಟ ಹಿಡಿಸುವುದು ಚಿಕ್ಕಪ್ಪ ಹೇಳಿದ ಆಲ್‌ಪ್ರಜೋಲಾಮ್. ಅರ್ಧ ಗಂಟೆಯಲ್ಲಿ ಹಾಯೆನಿಸಿ, ಇಳಿದಾಗ ಆತಂಕ ಮರುಕಳಿಸುತ್ತದೆ. ನೆನಪು ಮಬ್ಬಾಗುತ್ತದೆ, ಪರೀಕ್ಷೆ ದಿನ ಅದೇ ದೊಡ್ಡ ಪೆಟ್ಟು. "ಮಾತ್ರೆ ಇದ್ದದ್ದಕ್ಕೆ ಬಚಾವಾದೆ" ಎಂದು ಮನಸ್ಸು ಲೆಕ್ಕ ಹಾಕುವುದರಿಂದ ಮುಂದಿನ ಸಲ ಅದಿಲ್ಲದೆ ಕಾಲಿಡಲಾಗದು. ದಯವಿಟ್ಟು ಕೊಡಬೇಡಿ. ಸರ್ಟ್ರಾಲಿನ್‌ಗೆ ಹಾಗೆ ಹಂಬಲ ಹುಟ್ಟಿಸುವ ಗುಣವಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗಬಹುದು. ಅದಕ್ಕೇ ಹಂತಹಂತವಾಗಿ ಇಳಿಸುತ್ತೇವೆ.

ಸಾಮಾನ್ಯವಾಗಿ 25 ಮಿ.ಗ್ರಾಂ.ನಿಂದ ಶುರು, ಒಂದೆರಡು ವಾರದಲ್ಲಿ 50. ಕೆಲವರಿಗೆ 100 ಅಥವಾ ಹೆಚ್ಚು ಬೇಕಾಗುತ್ತದೆ, ಮಿತಿ 200. ಏರಿಸುವುದು, ಇಳಿಸುವುದು ವೈದ್ಯರಿಗೇ ಬಿಡಿ. ಊಟದ ನಂತರ ಕೊಟ್ಟರೆ ವಾಕರಿಕೆ ಕಮ್ಮಿ. ಮೊದಲ ಒಂದೆರಡು ವಾರ ಭೇದಿ, ತಲೆನೋವು, ನಿದ್ದೆಯ ಏರುಪೇರು ಇರಬಹುದು. ಗುಣ ಕಾಣುವುದು 2ರಿಂದ 4 ವಾರಕ್ಕೆ, ಪೂರ್ತಿ ಪರಿಣಾಮಕ್ಕೆ 6ರಿಂದ 8 ವಾರ. ಹತ್ತನೇ ದಿನಕ್ಕೆ ಅಡ್ಡಪರಿಣಾಮ ಬಂದಿರುತ್ತದೆ, ಗುಣ ಇನ್ನೂ ಬಂದಿರುವುದಿಲ್ಲ. ಬಹಳಷ್ಟು ಮನೆಗಳಲ್ಲಿ ಮಾತ್ರೆ ನಿಲ್ಲುವುದೇ ಆಗ. ಇನ್ನೊಂದು ತಪ್ಪು, ಮೂರು ತಿಂಗಳಿಗೆ ಚೆನ್ನಾಗಾದ ಎಂದು ಪರೀಕ್ಷೆಯ ಹೊಸ್ತಿಲಲ್ಲಿ ನಿಲ್ಲಿಸುವುದು. ಸುಧಾರಿಸಿದ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ, ಒತ್ತಡವಿಲ್ಲದ ರಜೆಯಲ್ಲಿ ಇಳಿಸಬೇಕು.

ಇನ್ನು ಎಚ್ಚರಿಕೆಯ ಮಾತು. ಸರ್ಟ್ರಾಲಿನ್ ಗುಂಪಿನ ಮಾತ್ರೆಗಳಿಂದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಸಿತು. ಅದು ನೋಡಿದ ಪ್ರಯೋಗಗಳಲ್ಲಿ ಅಂಥ ಯೋಚನೆ ಅಥವಾ ನಡವಳಿಕೆ ಕಂಡದ್ದು ಮಾತ್ರೆ ಪಡೆದವರಲ್ಲಿ ಶೇ. 4, ಹುಸಿಮಾತ್ರೆ ಪಡೆದವರಲ್ಲಿ ಶೇ. 2. ಸಾವು ಒಂದೂ ಇರಲಿಲ್ಲ. ಆದ್ದರಿಂದ ಮೊದಲ ತಿಂಗಳು ಮತ್ತು ಪ್ರತಿ ಸಲ ಡೋಸ್ ಬದಲಾದಾಗ ಹತ್ತಿರದಿಂದ ನೋಡಿ. ಕೂತಲ್ಲಿ ಕೂರಲಾಗದ ಚಡಪಡಿಕೆ, ಇದ್ದಕ್ಕಿದ್ದಂತೆ ಸಿಟ್ಟು, ನಿದ್ದೆಯೇ ಬೇಡವೆನ್ನುವಂಥ ಹುರುಪು, ಅತಿ ಮಾತು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. "ಬದುಕೋದು ಬೇಡ ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಸ್ಟ್ರಿಪ್ ದೊಡ್ಡವರ ಬಳಿಯೇ ಇರಲಿ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಅತಿ ಹುರುಪು, ಅತಿ ಖಿನ್ನತೆ ಸರದಿಯಲ್ಲಿ ಬರುವುದು) ಇದ್ದರೆ ಶುರು ಮಾಡುವ ಮುಂಚೆಯೇ ಹೇಳಿ.

ಮೆಡಿಕಲ್ ಕೌಂಟರ್:
ಡಾಕ್ಟರಮ್ಮ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ಚೀಟಿಯಲ್ಲಿರುವ ಹೆಸರು, ಸ್ಟ್ರಿಪ್ ಮೇಲಿನ ಹೆಸರು ತಾಳೆ ನೋಡಿ. ಆತಂಕಕ್ಕೆಂದು ಮಾರುವ ಎಷ್ಟೋ ಮಾತ್ರೆಗಳು ಎಸ್ಸಿಟಾಲೋಪ್ರಾಮ್ (ಸರ್ಟ್ರಾಲಿನ್ ಗುಂಪಿನದು) ಜೊತೆ ಕ್ಲೋನಜೆಪಾಮ್ ಬೆರೆಸಿದವು. ಕ್ಲೋನಜೆಪಾಮ್ ಕೂಡ ಆಲ್‌ಪ್ರಜೋಲಾಮ್ ಜಾತಿಯದೇ. ಬೆಳಗಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ಕೊಡಿ. ಮರುದಿನವೇ ನೆನಪಾದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚು, ಪ್ಯಾರಾಸಿಟಮಾಲ್ ವಾಸಿ. ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ನೋವಿನ ಮಾತ್ರೆ ಟ್ರಮಡಾಲ್ ವೈದ್ಯರನ್ನು ಕೇಳದೆ ಕೊಡಬೇಡಿ. ಅಶ್ವಗಂಧ ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಥೈರಾಯ್ಡ್ ಮಟ್ಟವನ್ನು ಏರಿಸಬಹುದು. ವೈವಾಕ್ಕೆಂದು (ಮೌಖಿಕ ಪರೀಕ್ಷೆ) ಯಾರಾದರೂ ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಹೇಳಿದರೆ, ಉಬ್ಬಸ ಇರುವ ಹುಡುಗರಿಗೆ ಅದು ಅಪಾಯ. ರಾತ್ರಿ ಓದಿಗೆ ಎನರ್ಜಿ ಡ್ರಿಂಕ್ ಕುಡಿಯುತ್ತಾನಾ? 250 ಮಿ.ಲೀ. ಕ್ಯಾನಿನಲ್ಲಿ 75 ಮಿ.ಗ್ರಾಂ. ಆಸುಪಾಸು ಕೆಫೀನ್ ಇರುತ್ತದೆ. ಅದು ತರುವ ಎದೆಬಡಿತ, ನಡುಕವನ್ನೇ ಗಾಬರಿ ಎಂದುಕೊಳ್ಳುತ್ತಾರೆ.

ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು:
ಮಾತ್ರೆ ಶುರು ಮಾಡಿ, ಬಿಡಿ, ಭಯವನ್ನು ಮೆಟ್ಟಿಲುಮೆಟ್ಟಿಲಾಗಿ ಎದುರಿಸುವ ಕೆಲಸ ತಪ್ಪುವುದಿಲ್ಲ. ಲ್ಯಾಬ್ ತಪ್ಪಿಸಿದ ಕ್ಷಣ ಹಾಯೆನಿಸುತ್ತದಲ್ಲ, ಆತಂಕ ಬೆಳೆಯುವುದೇ ಆ ಹಾಯಿಯಿಂದ. ಅದಕ್ಕೆ ಒಂದು ಏಣಿ ಮಾಡಿಸಿ. ಹೆದರಿಕೆಗೆ 0ರಿಂದ 10ರವರೆಗೆ ಅಂಕ ಅವನೇ ಕೊಡಲಿ. ಉದಾಹರಣೆಗೆ: ಖಾಲಿ ಲ್ಯಾಬಿನಲ್ಲಿ ಗೆಳೆಯನ ಜೊತೆ ಹತ್ತು ನಿಮಿಷ ನಿಲ್ಲುವುದು 3. ಅಟೆಂಡರ್ ಹತ್ತಿರ ಬ್ಯುರೆಟ್ ಕೇಳಿ ಪಡೆಯುವುದು 4. ಟೈಟ್ರೇಶನ್ ರೀಡಿಂಗನ್ನು ಬ್ಯಾಚಿನವರಿಗೆ ಗಟ್ಟಿಯಾಗಿ ಹೇಳುವುದು 5. ತರಗತಿಯಲ್ಲಿ ಎದ್ದು ಒಂದು ಡೌಟ್ ಕೇಳುವುದು 7. ಒಬ್ಬ ಉಪನ್ಯಾಸಕರೆದುರು ಐದು ಪ್ರಶ್ನೆಯ ಅಣಕು ವೈವಾ 8. ಉತ್ತರ ಗೊತ್ತಿದ್ದರೂ ಬೇಕೆಂದೇ ಒಮ್ಮೆ "ಗೊತ್ತಿಲ್ಲ ಸರ್" ಅನ್ನುವುದು 9. ಈ ಕೊನೆಯದನ್ನು ಬಿಡಬೇಡಿ, ಅವನ ನಿಜವಾದ ಭಯ ಕೂತಿರುವುದು ಅಲ್ಲೇ.

3 ಅಥವಾ 4ರಿಂದ ಶುರು. ಒಂದೇ ಮೆಟ್ಟಿಲನ್ನು ವಾರದಲ್ಲಿ ನಾಲ್ಕೈದು ಸಲ ಮಾಡಬೇಕು, ವಾರಕ್ಕೊಮ್ಮೆ ಮಾಡಿದರೆ ಪ್ರತಿ ಸಲವೂ ಹೊಸದೇ. ಮಾಡುವ ಮುಂಚೆ "ಏನಾಗುತ್ತೆ ಅಂತ ಭಯ?" ಎಂದು ಒಂದು ಸಾಲು, ಮಾಡಿದ ಮೇಲೆ "ಏನಾಯ್ತು?" ಎಂದು ಒಂದು ಸಾಲು ಬರೆಯಲಿ. ಹೆದರಿಕೆ ತುತ್ತತುದಿಯಲ್ಲಿದ್ದಾಗ ಹೊರಗೆ ಓಡಬಾರದು. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಕೈಯಲ್ಲಿ ಸದಾ ನೀರಿನ ಬಾಟಲಿ, ಎಲ್ಲರ ಹಿಂದೆ ನಿಲ್ಲುವುದು, ವಾಕ್ಯವನ್ನು ಉರುಹೊಡೆದು ಬರುವುದು, ಇವೆಲ್ಲ ಊರುಗೋಲುಗಳು. ಒಂದೊಂದಾಗಿ ತೆಗೆಸಿ. ಇಲ್ಲವಾದರೆ ಗೆದ್ದ ಹೆಸರು ಬಾಟಲಿಗೆ ಹೋಗುತ್ತದೆ.

ಬೆರಳು ಜುಮ್ಮೆನ್ನುವುದು ಉಸಿರಿನಿಂದ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಜುಮ್ಮು, ತಲೆಸುತ್ತು ಬರುತ್ತದೆ. ಆಗ "ದೀರ್ಘವಾಗಿ ಉಸಿರೆಳೆ" ಎಂದರೆ ಇನ್ನೂ ಕೆಡುತ್ತದೆ. ಸಣ್ಣ ಉಸಿರು, ಮೂಗಿನಿಂದ 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ. ಶಾಂತವಾಗಿರುವಾಗ ದಿನಕ್ಕೆರಡು ಸಲ ಐದೈದು ನಿಮಿಷ ಅಭ್ಯಾಸವಾದರೆ ಮಾತ್ರ ಲ್ಯಾಬಿನಲ್ಲಿ ಕೈಗೆ ಬರುತ್ತದೆ. ಪೇಪರ್ ಕವರಿನಲ್ಲಿ ಉಸಿರಾಡಿಸಬೇಡಿ.

ತುಂಗಾತೀರದ ಅಕ್ಕ:
ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ, ಒಪ್ಪಿದ್ದಾರೆ. ಇನ್ನೆರಡು ತೊಡಕು. ಸಿಬಿಟಿ ಮಾಡುವವರು ಹತ್ತಿರದಲ್ಲಿಲ್ಲ. ತಮ್ಮ ಕಾಲೇಜಿಗೆ ಹೇಳಲೇಬೇಡ ಅನ್ನುತ್ತಾನೆ.

ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು:
ವಿಡಿಯೋ ಕರೆಯಲ್ಲೂ ಸಿಬಿಟಿ ಚೆನ್ನಾಗಿ ನಡೆಯುತ್ತದೆ, ಮೊದಲ ಭೇಟಿ ಮುಖಾಮುಖಿ ಆದರೆ ಒಳ್ಳೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸೇವೆ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದು ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇರುತ್ತವೆ. ಹೋಗುವ ಮುಂಚೆ ಫೋನಿನಲ್ಲಿ ವಿಚಾರಿಸಿ.

ಅಲ್ಲಿಯವರೆಗೆ ಮನೆಯವರು ಬದಲಾದರೂ ಕೆಲಸ ಅರ್ಧ ಆಗುತ್ತದೆ. ಯೇಲ್ ವಿಶ್ವವಿದ್ಯಾಲಯದವರು 7ರಿಂದ 14 ವಯಸ್ಸಿನ 124 ಮಕ್ಕಳ ಅಧ್ಯಯನದಲ್ಲಿ, ತಂದೆತಾಯಿಗೆ ಮಾತ್ರ ತರಬೇತಿ ಕೊಟ್ಟರೂ ಮಗುವಿಗೆ ನೇರವಾಗಿ ಸಿಬಿಟಿ ಕೊಟ್ಟಷ್ಟೇ ಫಲ ಕಂಡರು. ಹಾಗಾಗಿ ಅವನ ಪರವಾಗಿ ರಜಾ ಕೇಳುವುದು, ಅಂಗಡಿಯಲ್ಲಿ ಅವನ ಬದಲು ಮಾತಾಡುವುದು, "ಏನೂ ಆಗಲ್ಲ ಅಲ್ವಾ?" ಎಂದು ಕೇಳಿದಾಗಲೆಲ್ಲ ಸಮಾಧಾನ ಹೇಳುವುದು, ಇವುಗಳಲ್ಲಿ ಒಂದನ್ನು ಆರಿಸಿ ನಿಲ್ಲಿಸಿ. ನಿಲ್ಲಿಸುವ ಮುಂಚೆ ಅವನಿಗೆ ತಿಳಿಸಿ. "ಕಷ್ಟ ಆಗ್ತಿದೆ ಅಂತ ಗೊತ್ತು ಕಣೋ, ಆದ್ರೂ ನಿನ್ ಕೈಲಾಗುತ್ತೆ" ಅಂದರೆ ಸಾಕು. ಮೊದಲ ವಾರ ಜಗಳ ಹೆಚ್ಚುತ್ತದೆ. ಆಗ ಸಡಿಲಬಿಟ್ಟರೆ, ಜೋರು ಮಾಡಿದರೆ ಬಿಡುತ್ತಾರೆ ಎಂದು ಅವನು ಕಲಿಯುತ್ತಾನೆ.

ಪಿಯು ಉಪನ್ಯಾಸಕ, ರಸಾಯನಶಾಸ್ತ್ರ:
ಇಡೀ ಕಾಲೇಜಿಗೆ ಹೇಳಬೇಕಿಲ್ಲ, ಅವನೇ ಆರಿಸಿದ ಒಬ್ಬ ಉಪನ್ಯಾಸಕರಿಗೆ ಹೇಳಿದರೆ ಸಾಕು. ವೈವಾದಿಂದ ವಿನಾಯಿತಿ ಕೇಳಬೇಡಿ. ಪ್ರಾಯೋಗಿಕಕ್ಕೆ 30 ಅಂಕ ಇದೆ, ವಿನಾಯಿತಿ ಅವನ ಭಯವನ್ನೂ ಗಟ್ಟಿ ಮಾಡುತ್ತದೆ. ಬದಲಿಗೆ ಮೂರು ಸಣ್ಣ ವಿಷಯ ಕೇಳಿ: ಬ್ಯಾಚಿನಲ್ಲಿ ಮೊದಲಿಗರಲ್ಲಿ ಕರೆಯುವುದು, ಏಕೆಂದರೆ ಸಾಲಿನಲ್ಲಿ ಕಾಯುವುದೇ ಹೆಚ್ಚು ಕಾಡುತ್ತದೆ, ಮೊದಲ ಪ್ರಶ್ನೆಯಾಗಿ ಅವನು ಅಂದು ಮಾಡಿದ ಪ್ರಯೋಗದ್ದನ್ನೇ ಕೇಳುವುದು, ಗಾಬರಿಯಾದರೆ ಹೊರಹೋಗದೆ ಅಲ್ಲೇ ಎರಡು ನಿಮಿಷ ಕೂರಲು ಬಿಡುವುದು. 2024ರಿಂದ ವಾರ್ಷಿಕ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಅವಕಾಶವಿದ್ದು ಉತ್ತಮ ಅಂಕವೇ ಉಳಿಯುತ್ತದೆ ಎಂಬುದನ್ನೂ ಅವನಿಗೆ ಬಿಡಿಸಿ ಹೇಳಿ. ತಪ್ಪಿದ ಪ್ರಯೋಗಗಳ ರೆಕಾರ್ಡ್ ಒಂದೇ ಸಲ ಮುಗಿಸಲು ಕೂರಿಸಬೇಡಿ. ವಾರಕ್ಕೆರಡು ಪ್ರಯೋಗ, ಅವನ ಏಣಿಯ ಮೆಟ್ಟಿಲುಗಳ ಜೊತೆಗೇ ಬರುವಂತೆ ನಿಮ್ಮ ಉಪನ್ಯಾಸಕರೊಂದಿಗೆ ಕೂತು ದಿನ ಗೊತ್ತುಮಾಡಿಕೊಳ್ಳಿ.