ಹಸೆ ಚಿತ್ತಾರ ಕಲಿಯೋಕೆ ದುಬಾರಿ ಬ್ರಷ್ ಬೇಕಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಇರೋದು, ಹಸೆ ಚಿತ್ತಾರ (ಮಲೆನಾಡಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಬರೆಯೋ ಗೆರೆ ಚಿತ್ರ) ಕಲೀತಾ ಇದ್ದೇನೆ. ಎಷ್ಟು ಬರೆದರೂ ಗೆರೆ ನಡುಗುತ್ತೆ, ಒಂದೆಡೆ ದಪ್ಪ, ಒಂದೆಡೆ ತೆಳು. ಹಾಗಾಗಿ ಫಾರಿನ್ ಬ್ರಷ್ ಸೆಟ್, ಒಳ್ಳೆ ಅಕ್ರಿಲಿಕ್ ಬಣ್ಣ, ದೊಡ್ಡ ಕ್ಯಾನ್ವಾಸ್ ಎಲ್ಲಾ ಸೇರಿ 6 ಸಾವಿರ ಚಿಲ್ಲರೆ ಆಗ್ತಿದೆ. ತಗೊಂಡ್ರೆ ಗೆರೆ ಸುಧಾರಿಸುತ್ತಾ? ಗೊತ್ತಿರೋರು ಹೇಳಿ.

ಇಕ್ಕೇರಿ ದಾರಿ:
ತಗೋಬೇಡಿ. ನಡುಗೋದು ಬ್ರಷ್ ಅಲ್ಲ, ಮಣಿಕಟ್ಟು.

ಸಾಗರ, ಸೊರಬದ ದೀವರು ಸಮುದಾಯದ ಮನೆಗಳಲ್ಲಿ ಚಿತ್ತಾರಗಿತ್ತಿಯರು, ಅಂದರೆ ಚಿತ್ತಾರ ಬರೆಯೋ ಹೆಂಗಸರು, ಈ ಗೆರೆ ಎಳೆಯೋದು ಪುಂಡಿ ಗಿಡದ ನಾರಿನ ಕುಂಚದಿಂದ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಸುಟ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಅಂಗಡಿಯಿಂದ ತರೋದು ಏನೂ ಇಲ್ಲ. ಬಡತನಕ್ಕೆ ಒಗ್ಗಿಕೊಂಡ ವ್ಯವಸ್ಥೆ ಅಂತ ಇದನ್ನು ನೋಡಬೇಡಿ, ಈ ಕೆಲಸಕ್ಕೆ ನಾರೇ ಸರಿಯಾದ ಸಾಧನ. ಎಳೆ ಉದ್ದ, ಮೆದು. ಗೋಡೆ ಮೇಲೆ ಮಲಗಿಸಿ ಎಳೆದಾಗ ಕೈಯ ಸಣ್ಣ ನಡುಕ ನಾರಿನ ಉದ್ದದಲ್ಲೇ ಕರಗಿಹೋಗುತ್ತೆ, ತುದಿಯವರೆಗೆ ಮುಟ್ಟೋದಿಲ್ಲ. ಗಿಡ್ಡ ಕೂದಲಿನ ಬ್ರಷ್ ಎಷ್ಟೇ ದುಬಾರಿ ಆಗಿರಲಿ, ನಡುಕವನ್ನು ಇದ್ದ ಹಾಗೇ ಗೋಡೆಗೆ ಒಪ್ಪಿಸುತ್ತೆ.

ಪುಂಡಿ ಸಿಗದಿದ್ದರೆ ಗೋಣಿ ದಾರದ ಹುರಿ ಬಿಚ್ಚಿ. 3 ಇಂಚು ಉದ್ದದ 15ರಿಂದ 20 ಎಳೆ ಜೋಡಿಸಿ, ಅರ್ಧ ಉದ್ದಕ್ಕೆ ನೂಲು ಸುತ್ತಿ ಬಿಗಿಯಾಗಿ ಕಟ್ಟಿ. ಉಳಿದ ಒಂದೂವರೆ ಇಂಚನ್ನು ನೀರಲ್ಲಿ ನೆನೆಸಿ ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ. ತುದಿ ಮೆತ್ತಗಾಗಬೇಕು, ಪುಡಿಯಾಗಬಾರದು. ಸಣ್ಣ ಗೆರೆಗೆ ಐದಾರು ಎಳೆ ಸಾಕು.

ಈಗ ಹಿಟ್ಟು. ನಿಮ್ಮ ದಪ್ಪ-ತೆಳುವಿನ ಮೂಲ ಬಹುಶಃ ಇಲ್ಲೇ ಇದೆ. ಒಂದು ಲೋಟ ಬೆಳ್ತಿಗೆ ಅಕ್ಕಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ. ನೀರುದೋಸೆ ಹಿಟ್ಟಿಗಿಂತ ಒಂದು ಹದ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು ಇರಲಿ. ಗಟ್ಟಿಯಾದರೆ ಗೆರೆ ಎದ್ದು ನಿಂತು ಒಣಗಿದ ಮೇಲೆ ಹಕ್ಕಳೆಯಾಗಿ ಉದುರುತ್ತೆ. ನೀರಾದರೆ ಮಣಿಮಣಿಯಾಗಿ ಕೆಳಗಿಳಿಯುತ್ತೆ. ಅಕ್ಕಿ ತಳ ಕಚ್ಚೋದರಿಂದ ಹತ್ತು ಗೆರೆಗೊಮ್ಮೆ ಕಲಕಿ. ಕಲಕದೆ ಬರೆದರೆ ಮೇಲಿನ ತಿಳಿಯಲ್ಲಿ ಶುರುವಾದ ಚಿತ್ರ ತಳದ ಗಸಿಯಲ್ಲಿ ಮುಗಿಯುತ್ತೆ.

ಇನ್ನೊಂದು ಮಾತು. ಹಸಿ ಗೆರೆ ಮಂಕಾಗಿ ಕಾಣುತ್ತೆ, ಒಣಗುತ್ತಾ ಬಂದ ಹಾಗೆ ಬಿಳಿ ಎದ್ದು ಬರುತ್ತೆ. ಇದನ್ನು ತಿಳಿಯದೆ ಹಸಿ ಇರುವಾಗಲೇ ಮೇಲೆ ಇನ್ನೊಮ್ಮೆ ತಿದ್ದಿದರೆ ಗೆರೆ ಕೆಡೋದು ಖಂಡಿತ.

ಅಭ್ಯಾಸಕ್ಕೆ ಕ್ಯಾನ್ವಾಸ್ ಯಾಕೆ? ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇದ್ದರೆ ಅದೇ ನಿಮ್ಮ ಹಸೆ ಗೋಡೆ, ಬಣ್ಣವೂ ಹತ್ತಿರ ಹತ್ತಿರ ಅದೇ. ಅಕ್ಕಿ ಹಿಟ್ಟಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ದಿನಾ ಒಂದು ಅಡಿ ಉದ್ದದ 40 ಅಡ್ಡಗೆರೆ, ಕಾಲು ಇಂಚು ಅಂತರದಲ್ಲಿ. ಮಣಿಕಟ್ಟು ಅಲ್ಲಾಡದೆ ಭುಜದಿಂದ ಕೈ ಚಲಿಸಬೇಕು, ಕಣ್ಣು ನಾರಿನ ಮೇಲಲ್ಲ, ಗೆರೆ ಮುಟ್ಟಬೇಕಾದ ಜಾಗದ ಮೇಲೆ ಇರಬೇಕು. ನಡುವೆ ಹಿಟ್ಟು ಮುಗಿದರೆ ನಿಂತಲ್ಲಿಂದಲೇ ಶುರು ಮಾಡಬೇಡಿ, ಅಲ್ಲಿ ಗಂಟು ಬೀಳುತ್ತೆ. ಅರ್ಧ ಇಂಚು ಹಿಂದಿನಿಂದ ಹಗುರವಾಗಿ ಸೇರಿಸಿಕೊಂಡು ಮುಂದೆ ಹೋಗಿ.

ಕಣಿವೆಮನೆ:
ಇಕ್ಕೇರಿ ದಾರಿಯವರ ಮಾತು ಪೂರ್ತಿ ಒಪ್ಪುತ್ತೇನೆ, ಗೆರೆಯ ಜೊತೆಗೆ ಲೆಕ್ಕವನ್ನೂ ಕಲಿಯಿರಿ ಅಂತ ಸೇರಿಸುತ್ತೇನೆ. ಹೊಸಬರ ಚಿತ್ತಾರ ಕೆಡೋದು ಮೂಲೆಯಲ್ಲಿ, ಗೆರೆಯಲ್ಲಲ್ಲ. 24 ಇಂಚಿನ ಚೌಕ ಹಾಕಿದರೆ ಎರಡೂ ಕರ್ಣ ಸುಮಾರು 34 ಇಂಚು ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಚೌಕ ಓರೆಯಾಗಿದೆ ಅಂತ ಅರ್ಥ, ಒಳಗೆ ಏನು ತುಂಬಿದರೂ ಕೂಡೋದಿಲ್ಲ. ಒಂದೂವರೆ ಇಂಚಿಗೊಂದು ಮನೆ ಮಾಡಿದರೆ 16 ಮನೆ, 17 ಗೆರೆ. 9ನೇ ಗೆರೆ ನಟ್ಟನಡುವೆ ಬರುತ್ತೆ, ಅದರ ಎಡಬಲ ಒಂದನ್ನೊಂದು ಹೋಲಬೇಕು. 15 ಮನೆ ಮಾಡಿಕೊಂಡರೆ ನಡುವೆ ಸಿಗೋದು ಗೆರೆಯಲ್ಲ, 8ನೇ ಮನೆ. ನಡುವೆ ಗೆರೆ ಬೇಕೋ ಮನೆ ಬೇಕೋ ಅನ್ನೋದು ಮೊದಲೇ ನಿರ್ಧಾರ ಆಗಿರಬೇಕು. ಚೌಕಟ್ಟು ಮೊದಲು, ಒಳಗಿನ ತುಂಬು ಆಮೇಲೆ. ಇಷ್ಟಕ್ಕೆ ಬೇಕಾಗಿರೋದು ಒಂದು ದಾರ, ಒಂದು ಅಳತೆ ಟೇಪು.

ಮಣ್ಣಗೋಡೆ:
ಅಕ್ರಿಲಿಕ್ ಪೂರ್ತಿ ಬೇಡ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಳೆ ಎರಚಲು ಬಡಿಯೋ ಜಗಲಿ ಗೋಡೆಯಲ್ಲಿ ಅಕ್ಕಿ ಹಿಟ್ಟು ಒಂದು ಮಳೆಗಾಲ ತಡೆಯೋದಿಲ್ಲ. ಅಲ್ಲಿ ಅಕ್ರಿಲಿಕ್ ಸರಿ, ನೆಲೆಯ (ಚಿತ್ತಾರದ ಕೆಳಗೆ ಬಳಿಯೋ) ಬಣ್ಣವೂ ಅದರದ್ದೇ ಇರಲಿ. ಕೆಮ್ಮಣ್ಣಿನ ಮೇಲೆ ಮಾತ್ರ ಅಕ್ರಿಲಿಕ್ ಬರೀಬೇಡಿ. ಮಣ್ಣು ಪುಡಿಪುಡಿ, ಅಕ್ರಿಲಿಕ್ ಒಣಗಿ ಪೊರೆ ಕಟ್ಟುತ್ತೆ, ಆ ಪೊರೆ ಮಣ್ಣನ್ನೂ ಎಬ್ಬಿಸಿಕೊಂಡು ಸುರುಳಿಯಾಗಿ ಬಿಡುತ್ತೆ.

ಕ್ಯಾನ್ವಾಸ್ ಬದಲು ಪ್ಲೈವುಡ್ ತುಂಡು ಸಾಕು. ಕೆಮ್ಮಣ್ಣು ನೆನೆಸಿ, ಕಲಕಿ, ಎರಡು ನಿಮಿಷ ಬಿಟ್ಟು ಮೇಲಿನ ಕೆಸರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ, ಮರಳೆಲ್ಲ ತಳದಲ್ಲೇ ಉಳಿಯುತ್ತೆ. ರಾತ್ರಿ ತಂಗಿದ ಮೇಲೆ ತಿಳಿನೀರು ಚೆಲ್ಲಿ. ತೆಳ್ಳಗೆ ಮೂರು ಸಲ ಬಳಿಯಿರಿ. ಒಂದೇ ಸಲ ದಪ್ಪ ಬಳಿದರೆ ಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತೆ. ಹಿಂಬದಿಗೂ ಒಂದು ಸಲ ಬಳಿಯೋದನ್ನು ಮರೀಬೇಡಿ, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತೆ.

ತುಂಗಾತೀರ:
ತುಂಬಾ ಉಪಕಾರ ಆಯ್ತು. ಗೋಣಿ ದಾರದ್ದು ಮಾಡಿ ನೋಡಿದೆ, ಗೆರೆ ಆಗಲೇ ಬೇರೆ ಥರ ಬರ್ತಿದೆ. ಆದರೆ ಹಲಗೆ ಮೇಲೆ ಬಿಳಿ ಅಂಚಲ್ಲಿ ಹಬ್ಬಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಹಿಟ್ಟು ಸೋಸಿದ್ದೆ, ಹದವೂ ನೀವು ಹೇಳಿದ್ದೇ.

ಇಕ್ಕೇರಿ ದಾರಿ:
ನೆಲೆ ಹಸಿ ಇದೆ. ಈ ಥಂಡಿಯಲ್ಲಿ ಮೇಲ್ಮೈ ಒಣಗಿದ ಹಾಗೆ ಕಂಡರೂ ಒಳಗೆ ನೀರಿರುತ್ತೆ, ಅಕ್ಕಿ ಹಿಟ್ಟಿನ ಜೊತೆ ಕೆಮ್ಮಣ್ಣು ಕಲಸಿಕೊಂಡು ಮೇಲೆ ಬರುತ್ತೆ. ಅಂಗೈ ಹಿಂಬದಿ ಹಲಗೆಗೆ ತಾಗಿಸಿ ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ಕಾಯಬೇಕು. ಒಲೆ ಇರೋ ಮನೆಯಾದರೆ ಅದರ ಪಕ್ಕದ ಗೋಡೆಗೆ ಒರಗಿಸಿಡಿ, ಬೆಂಕಿಗೆ ಎದುರಾಗಿ ಬೇಡ, ಬಿರುಕು ಬಿಡುತ್ತೆ. ಹಿಟ್ಟು ಆಯಾ ದಿನದ್ದೇ ಆಗಬೇಕು, ಹುಳಿ ಬಂದ ಹಿಟ್ಟಿಗೆ ಬೂಷ್ಟು ಬೇಗ ಹತ್ತುತ್ತೆ.

ಕಣಿವೆಮನೆ:
ಭೂಮಿಗೆ ಪೂಜೆ ಮಾಡೋ ಭೂಮಿ ಹುಣ್ಣಿಮೆ ಹಬ್ಬದ ಹೊತ್ತಿಗೆ ಸಾಗರದ ಕಡೆ ಹೋಗೋದಾದರೆ ಭೂಮಣ್ಣಿ ಬುಟ್ಟಿ (ಆ ದಿನ ಗದ್ದೆಗೆ ಎಡೆ ಒಯ್ಯೋ ಬುಟ್ಟಿ) ಬರೆಯೋದನ್ನು ಕೂತು ನೋಡಿ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಚಿತ್ತಾರ. ಗುಂಡಗಿನ ಮೈಯಲ್ಲಿ ಸ್ಕೇಲು ಕೂರೋದಿಲ್ಲ, ಶುರುವಾದ ಗೆರೆ ಸುತ್ತಿ ಬಂದು ಅದೇ ಜಾಗಕ್ಕೆ ಸೇರಬೇಕು. ಬರೆಯೋರು ಬುಟ್ಟಿ ಹಿಡಿದ ಎಡಗೈ ಕಡೆ ಗಮನ ಇಡಿ.